ಬಾಗಿಲು ತಟ್ಟಿದ ನಟಿ: ಡೊರೊಥಿ ಡ್ಯಾಂಡ್ರಿಜ್

ಪರಿಶ್ರಮಪಟ್ಟರೆ ಫಲ ತಪ್ಪದು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಹನೀಯರ ಜೀವನ ಚರಿತ್ರೆಗಳನ್ನು ಓದುವಾಗಲೂ ನಮಗೆ ಇದೇ ಪಾಠ ದೊರೆಯುತ್ತದೆ. ಬಡತನದಲ್ಲಿ ಹುಟ್ಟಿದರು, ಕಷ್ಟಪಟ್ಟು ಮೇಲೆ ಬಂದರು, ಕೊನೆಗೆ ಕೀರ್ತಿಶಿಖರವನ್ನೇರಿದರು ಎಂದು ಕಥೆ ಮುಗಿಯುತ್ತದೆ. ಆದರೆ ಎಲ್ಲರ ಬಾಳೂ ಹಾಗೆ ಮುಗಿಯುವುದಿಲ್ಲ. ಶಿಖರವನ್ನೇರಿದವರಿಗೆ ಅಲ್ಲಿ ಕಾಲೂರಿ ನಿಲ್ಲುವಷ್ಟು ಜಾಗವನ್ನೂ ಸಮಾಜ ಕೊಡದೆ ಹೋದರೆ ಏನಾಗುತ್ತದೆ? ಅಮೆರಿಕದ ಚಲನಚಿತ್ರ ನಟಿ ಹಾಗೂ ಗಾಯಕಿ ಡೊರೊಥಿ ಡ್ಯಾಂಡ್ರಿಜ್‌ಳ ಜೀವನ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಒಂದು ಪ್ರಸಿದ್ಧ ಒಪೆರಾದ ಆಧಾರದಿಂದ ತಯಾರಾದ ‘ಕಾರ್ಮೆನ್ ಜೋನ್ಸ್’ ಎಂಬ ಚಿತ್ರದಿಂದ ಆಕೆಯ ಹೆಸರು ಜಗತ್ತಿಗೆಲ್ಲ ತಿಳಿಯಿತು. ಆಕೆಯ ಸುಖ ದುಃಖಗಳೆರಡೂ ಆ ಚಿತ್ರದೊಡನೆ ಹೆಣೆದುಕೊಂಡಿವೆ.

ಡೊರೊಥಿ ಹುಟ್ಟಿದ್ದು 1922ನೆಯ ಇಸವಿ ನವೆಂಬರ್ 9ರಂದು, ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ಆಕೆ ಹುಟ್ಟುವ ಮೊದಲೇ ತಂದೆ ತಾಯಿಗಳು ಬೇರೆಯಾಗಿದ್ದರು. ತಾಯಿ ರೂಬಿಗೆ ನಾಟಕದ ಹುಚ್ಚು ಬಹಳ. ಆದರೆ ಆ ದಿನಗಳಲ್ಲಿ ಕರಿಯ ಹೆಂಗಸಿಗೆ ರಂಗದ ಮೇಲಾಗಲಿ ತೆರೆಯ ಮೇಲಾಗಲಿ ಸಿಗುತ್ತಿದ್ದುದು ಅಡಿಗೆಯವಳ ಅಥವಾ ಮನೆಗೆಲಸದವಳ ಪಾತ್ರಗಳು ಮಾತ್ರ. ತನಗೆ ದಕ್ಕದ ಸ್ಥಾನವನ್ನು ಮಕ್ಕಳಾದರೂ ಪಡೆಯಲೆಂದು ಆಕೆ ಡೊರೊಥಿಗೂ ಅವಳ ಅಕ್ಕ ವಿವಿಯನ್‌ಗೂ ಎಳವೆಯಲ್ಲಿಯೇ ಹಾಡು, ಕುಣಿತ, ಪದ್ಯವಾಚನಗಳನ್ನು ಕಲಿಸಿದಳು. ಇಬ್ಬರೂ ಸೇರಿ ‘ವಂಡರ್ ಚಿಲ್ಡ್ರನ್’, ಅಂದರೆ ವಿಸ್ಮಯ ಬಾಲೆಯರು, ಎಂಬ ಹೆಸರಿನಲ್ಲಿ ಪ್ರದರ್ಶನ ಕೊಡತೊಡಗಿದರು.

ಐದು ವರ್ಷಗಳ ಕಾಲ ಈ ಪುಟ್ಟ ಹುಡುಗಿಯರು ದಕ್ಷಿಣದ ರಾಜ್ಯಗಳಲ್ಲಿ ಊರಿಂದೂರಿಗೆ ಅಲೆದರು. ಹೆಚ್ಚಾಗಿ ಕರಿಯರ ಚರ್ಚುಗಳಲ್ಲಿ ಅವರ ಕಾರ್ಯಕ್ರಮಗಳು ನಡೆಯುತ್ತಿದ್ದವು. ತಾಯಿ ಕ್ಲೀವ್‌ಲ್ಯಾಂಡಿನಲ್ಲಿ ದುಡಿಯುತ್ತಿದ್ದಳು. ಜತೆಗಿದ್ದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ತಾಯಿಯ ಗೆಳತಿ ಜಿನೀವ ವಿಲಿಯಮ್ಸ್. ಆಕೆ ಬಹು ಕಠಿಣ ಸ್ವಭಾವದವಳು. ಕುಣಿತದ ಹೆಜ್ಜೆ ತಪ್ಪಿದರೆ, ಹಾಡಿನ ಸ್ವರ ಜಾರಿದರೆ ಮಕ್ಕಳಿಗೆ ಏಟು ಬೀಳುತ್ತಿತ್ತು. ಇತರ ಮಕ್ಕಳು ಶಾಲೆಯ ಬೆಂಚಿನ ಮೇಲೆ ಕುಳಿತು ಅಕ್ಷರ ತಿದ್ದುತ್ತಿದ್ದ ವಯಸ್ಸಿನಲ್ಲಿ ಡೊರೊಥಿ ಬಸ್ಸು ರೈಲುಗಳಲ್ಲಿ ತೂಕಡಿಸುತ್ತ ಮುಂದಿನ ಊರಿನ ಹಾಡನ್ನು ಗುನುಗುತ್ತಿದ್ದಳು. ಕ್ರಮವಾದ ಶಾಲಾ ವಿದ್ಯಾಭ್ಯಾಸ ಆಕೆಗೆ ಆಗ ದೊರೆಯಲೇ ಇಲ್ಲ. ತಂದೆ ತಾಯಿಗಳು ತಮ್ಮ ಈಡೇರದ ಆಸೆಯನ್ನು ಮಕ್ಕಳ ಹೆಗಲಿಗೇರಿಸಿದರೆ ಆ ಭಾರ ಎಷ್ಟೆಂಬುದನ್ನು ಅಳೆಯುವ ತಕ್ಕಡಿ ಇಲ್ಲ.

ಆ ಕಾಲದ ಅಮೆರಿಕವನ್ನು ತಿಳಿಯದಿದ್ದರೆ ಈ ಕಥೆ ಅರ್ಥವಾಗದು. ಗುಲಾಮಗಿರಿ 1865ರಲ್ಲಿಯೇ ಕಾನೂನಿನಿಂದ ರದ್ದಾಗಿದ್ದರೂ ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ರೈಲು ಡಬ್ಬಿ, ಕುಡಿಯುವ ನೀರಿಗೂ ಬೇರೆ ನಲ್ಲಿ. ಉತ್ತರದಲ್ಲಿ ಬರೆದಿಟ್ಟ ಕಾನೂನು ಇಲ್ಲದಿದ್ದರೂ ರೂಢಿಯ ಗೋಡೆಗಳಿದ್ದವು. ಬಿಳಿಯರ ಹೋಟೆಲಿನ ವೇದಿಕೆಯ ಮೇಲೆ ಹಾಡಿ ಸೈ ಎನಿಸಿಕೊಂಡ ಕರಿಯ ಗಾಯಕ ಅದೇ ಹೋಟೆಲಿನಲ್ಲಿ ಒಂದು ಕೋಣೆ ಕೇಳಿದರೆ ಇಲ್ಲವೆನ್ನುತ್ತಿದ್ದ ಸ್ಥಳಗಳು ಅನೇಕ. ಅವನ ಹಾಡು ಬೇಕು, ಅವನು ಬೇಡ. ಈ ವಿಚಿತ್ರ ನ್ಯಾಯದ ನಡುವೆ ಡೊರೊಥಿ ಬೆಳೆದಳು.

1929ರ ಅನಂತರ ಅಮೆರಿಕದಲ್ಲಿ ಭಾರಿ ಆರ್ಥಿಕ ಕುಸಿತ ಉಂಟಾಯಿತು. ಉಣ್ಣಲೇ ಇಲ್ಲದವರು ಹಾಡು ಕೇಳಲು ಎಲ್ಲಿಂದ ದುಡ್ಡು ತಂದಾರು? ಪ್ರದರ್ಶನಗಳು ನಿಂತುಹೋದವು. ರೂಬಿ ಮಕ್ಕಳನ್ನು ಕರೆದುಕೊಂಡು ಚಲನಚಿತ್ರ ರಾಜಧಾನಿಯಾದ ಹಾಲಿವುಡ್ಡಿಗೆ ಬಂದಳು. ಅಲ್ಲಿ ಆಕೆಗೆ ರೇಡಿಯೋ ನಾಟಕಗಳಲ್ಲಿ, ಚಿತ್ರಗಳಲ್ಲಿ ಚಿಕ್ಕಪುಟ್ಟ ಪಾತ್ರಗಳು ಸಿಕ್ಕವು. ಹೆಚ್ಚಿನವು ಅದೇ ಮನೆಗೆಲಸದವಳ ಪಾತ್ರಗಳು. 1934ರಲ್ಲಿ ಅಕ್ಕತಂಗಿಯರು ಎಟ್ಟಾ ಜೋನ್ಸ್ ಎಂಬ ಇನ್ನೊಬ್ಬ ಹುಡುಗಿಯನ್ನು ಸೇರಿಸಿಕೊಂಡು ‘ಡ್ಯಾಂಡ್ರಿಜ್ ಸಿಸ್ಟರ್ಸ್’ ಎಂಬ ಮೂವರ ಗಾಯನ ತಂಡವನ್ನು ಕಟ್ಟಿದರು. ನ್ಯೂಯಾರ್ಕಿನ ಹೆಸರುವಾಸಿ ಕಾಟನ್ ಕ್ಲಬ್ಬಿನಲ್ಲಿಯೂ ಹಾಡಿದರು. ಅಲ್ಲಿ ವೇದಿಕೆಯ ಮೇಲೆ ಕರಿಯ ಕಲಾವಿದರು, ಎದುರಿಗೆ ಬಹುಪಾಲು ಬಿಳಿಯ ಪ್ರೇಕ್ಷಕರು. 1937ರಲ್ಲಿ ‘ಎ ಡೇ ಅಟ್ ದಿ ರೇಸಸ್’ ಚಿತ್ರದಲ್ಲಿ ಆಕೆ ಗುಂಪಿನ ನಡುವೆ ಮಿಂಚಿ ಮರೆಯಾದಳು. 1941ರಲ್ಲಿ ‘ಸನ್ ವ್ಯಾಲಿ ಸೆರೆನೇಡ್’ ಚಿತ್ರದಲ್ಲಿ ನಿಕೋಲಸ್ ಸಹೋದರರೆಂಬ ಅಪ್ರತಿಮ ನರ್ತಕರೊಡನೆ ಹಾಡಿ ಕುಣಿದಳು.

ಆ ಸಹೋದರರಲ್ಲಿ ಕಿರಿಯನಾದ ಹೆರಾಲ್ಡ್ ನಿಕೋಲಸನನ್ನು ಡೊರೊಥಿ 1942ರಲ್ಲಿ ಮದುವೆಯಾದಳು. ಮರುವರ್ಷ ಸೆಪ್ಟೆಂಬರಿನಲ್ಲಿ ಹೆಣ್ಣುಮಗು ಹುಟ್ಟಿತು. ಮಗುವಿಗೆ ಹೆರೊಲಿನ್ ಎಂದು ಹೆಸರಿಟ್ಟು ಪ್ರೀತಿಯಿಂದ ಲಿನ್ ಎಂದು ಕರೆದರು. ದಿನಗಳು ಕಳೆದಂತೆ ಮಗು ಇತರ ಮಕ್ಕಳಂತೆ ಮಾತು ಕಲಿಯುತ್ತಿಲ್ಲವೆಂದು ತಾಯಿಗೆ ತಿಳಿಯಿತು. ಒಬ್ಬರಾದ ಮೇಲೊಬ್ಬರು ವೈದ್ಯರಿಗೆ ತೋರಿಸಿದಳು. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿದೆ, ಗುಣವಾಗುವ ಆಸೆಯಿಲ್ಲವೆಂದು ಅವರು ಹೇಳಿದರು. ತನ್ನನ್ನು ಹೆತ್ತವಳೆಂದು ಗುರುತಿಸಲೂ ಆಗದ ಮಗಳನ್ನು ನೋಡಿ ಡೊರೊಥಿ ತನ್ನನ್ನೇ ದೂರಿಕೊಂಡಳು. ಅದು ಯಾವ ತಾಯಿಯ ತಪ್ಪೂ ಅಲ್ಲ. ಆದರೆ ಆ ಕೊರಗು ಆಕೆಯನ್ನು ಜೀವಮಾನವಿಡೀ ಬಿಡಲಿಲ್ಲ. ದಾಂಪತ್ಯವೂ ಒಡೆದು 1951ರಲ್ಲಿ ವಿಚ್ಛೇದನದಲ್ಲಿ ಕೊನೆಗೊಂಡಿತು. ಮಗಳನ್ನು ನೋಡಿಕೊಳ್ಳಲು ತಕ್ಕವರೊಬ್ಬರನ್ನು ಗೊತ್ತು ಮಾಡಿ, ಅದರ ವೆಚ್ಚವನ್ನೆಲ್ಲ ತಾನೊಬ್ಬಳೇ ದುಡಿದು ಕೊಡುತ್ತ ಬಂದಳು.

ದುಡಿಯುವುದಕ್ಕೆ ಆಕೆಗಿದ್ದ ಉಪಾಯ ಹಾಡುವುದೊಂದೇ. ಫಿಲ್ ಮೂರ್ ಎಂಬ ನುರಿತ ಸಂಗೀತಗಾರನ ಮಾರ್ಗದರ್ಶನದಲ್ಲಿ ಆಕೆ ನೈಟ್ ಕ್ಲಬ್ಬುಗಳ ಗಾಯಕಿಯಾಗಿ ಹೊಸ ಬಾಳನ್ನು ಆರಂಭಿಸಿದಳು. ಜನರ ಮುಂದೆ ಒಬ್ಬಳೇ ನಿಂತು ಹಾಡುವುದೆಂದರೆ ಆಕೆಗೆ ಒಳಗೊಳಗೇ ಅಂಜಿಕೆ. ಆದರೂ 1951ರಲ್ಲಿ ಹಾಲಿವುಡ್ಡಿನ ಮೊಕಾಂಬೊ ಕ್ಲಬ್ಬಿನಲ್ಲಿಯೂ ಲಂಡನ್ನಿನ ಕೆಫೆ ಡಿ ಪ್ಯಾರಿಸ್‌ನಲ್ಲಿಯೂ ಆಕೆಯ ಕಾರ್ಯಕ್ರಮಗಳು ಅಪಾರ ಜನಪ್ರಿಯತೆ ಗಳಿಸಿದವು. ಇದರ ನಡುವೆ ಲಾಸ್ ಏಂಜಲಿಸ್‌ನ ‘ಆಕ್ಟರ್ಸ್ ಲ್ಯಾಬ್’ ಎಂಬ ತರಬೇತಿ ಸಂಸ್ಥೆಯಲ್ಲಿ ಅಭಿನಯವನ್ನೂ ಶ್ರದ್ಧೆಯಿಂದ ಕಲಿತಿದ್ದಳು. ಎಲ್ಲಕ್ಕಿಂತ ಮಿಗಿಲಾಗಿ ಆಕೆ ಬಯಸಿದ್ದು ನಟಿಯಾಗುವುದನ್ನು. ಮನೆಗೆಲಸದವಳ ಪಾತ್ರವಲ್ಲ, ಮನುಷ್ಯಳ ಪಾತ್ರ.

ಅಂಥ ಪಾತ್ರ ಆಕೆಗೆ ಮೊದಲು ಸಿಕ್ಕಿದ್ದು 1953ರಲ್ಲಿ ತೆರೆಕಂಡ ‘ಬ್ರೈಟ್ ರೋಡ್’ ಚಿತ್ರದಲ್ಲಿ. ವಿದ್ಯಾರ್ಥಿ ಮಿತ್ರರೇ, ಇದು ಒಂದು ಶಾಲೆಯ ಕಥೆ. ಡೊರೊಥಿ ಅದರಲ್ಲಿ ಜೇನ್ ರಿಚರ್ಡ್ಸ್ ಎಂಬ ಹೊಸ ಉಪಾಧ್ಯಾಯಿನಿ. ಮುಖ್ಯೋಪಾಧ್ಯಾಯನ ಪಾತ್ರದಲ್ಲಿ ಮೊದಲ ಬಾರಿಗೆ ತೆರೆಯ ಮೇಲೆ ಬಂದವನು ಖ್ಯಾತ ಗಾಯಕ ಹ್ಯಾರಿ ಬೆಲಫಾಂಟೆ. ತರಗತಿಯಲ್ಲಿ ಒಬ್ಬ ಹುಡುಗ ಪ್ರತಿವರ್ಷವೂ ಹಿಂದೆ ಬೀಳುತ್ತಾನೆ, ಯಾರೊಡನೆಯೂ ಬೆರೆಯುವುದಿಲ್ಲ. ಇತರ ಉಪಾಧ್ಯಾಯರು ಅವನನ್ನು ದಡ್ಡನೆಂದು ಕೈಬಿಟ್ಟಿದ್ದಾರೆ. ಈ ಉಪಾಧ್ಯಾಯಿನಿ ಮಾತ್ರ ಕೈಬಿಡುವುದಿಲ್ಲ. ಕೊನೆಗೊಮ್ಮೆ ಜೇನುನೊಣಗಳ ಹಿಂಡು ತರಗತಿಗೆ ನುಗ್ಗಿ ಎಲ್ಲರೂ ಕಂಗಾಲಾದಾಗ, ಜೇನಿನ ಸ್ವಭಾವವನ್ನು ಬಲ್ಲ ಅದೇ ಹುಡುಗ ನಿಶ್ಚಿಂತೆಯಿಂದ ರಾಣಿನೊಣವನ್ನು ಹೊರಗೊಯ್ದು ಎಲ್ಲರನ್ನೂ ಕಾಪಾಡುತ್ತಾನೆ. ತಾನೇ ಸರಿಯಾಗಿ ಶಾಲೆ ಕಾಣದೆ ಬೆಳೆದ ಡೊರೊಥಿ ಈ ಪಾತ್ರವನ್ನು ಅಷ್ಟೊಂದು ಅಕ್ಕರೆಯಿಂದ ನಿರ್ವಹಿಸಿದಳೆಂಬುದು ಗಮನಿಸಬೇಕಾದ ಸಂಗತಿ. ಚಿತ್ರ ಹೆಚ್ಚು ಓಡಲಿಲ್ಲ. ಆದರೆ ಆಕೆಯ ಶಕ್ತಿ ಏನೆಂಬುದು ಬಲ್ಲವರಿಗೆ ತಿಳಿಯಿತು.

ಇನ್ನು ‘ಕಾರ್ಮೆನ್’ ವಿಷಯಕ್ಕೆ ಬರೋಣ. ಒಪೆರಾ ಎಂದರೆ ಸಂಗೀತವೇ ಪ್ರಧಾನವಾದ ಪಾಶ್ಚಾತ್ಯ ನಾಟಕ. ಪಾತ್ರಧಾರಿಗಳು ಕಥೆಯನ್ನು ಹಾಡಿನ ಮೂಲಕವೇ ನಡೆಸುತ್ತಾರೆ, ದೊಡ್ಡ ವಾದ್ಯಮೇಳ ಜತೆಗಿರುತ್ತದೆ. ಪ್ರಾಸ್ಪರ್ ಮೆರಿಮೆ ಎಂಬ ಫ್ರೆಂಚ್ ಸಾಹಿತಿ 1845ರಲ್ಲಿ ಪ್ರಕಟಿಸಿದ ನೀಳ್ಗತೆಯನ್ನು ಆಧರಿಸಿ ಜಾರ್ಜ್ ಬಿಝೆ ಎಂಬ ಸಂಗೀತಗಾರ ‘ಕಾರ್ಮೆನ್’ ಒಪೆರಾವನ್ನು ರಚಿಸಿದ. ಸ್ಪೇನಿನ ಸೆವಿಲ್ ನಗರದ ಸಿಗರೇಟ್ ಕಾರ್ಖಾನೆಯಲ್ಲಿ ದುಡಿಯುವ, ಯಾರ ಅಂಕೆಗೂ ಸಿಕ್ಕದ ಹೆಣ್ಣು ಕಾರ್ಮೆನ್. ಅವಳ ಮೋಹಕ್ಕೆ ಸಿಕ್ಕಿ ಕೆಲಸ, ಮಾನ ಎಲ್ಲವನ್ನೂ ಕಳೆದುಕೊಳ್ಳುವ ಸೈನಿಕ ಡಾನ್ ಹೊಸೆ. ಅವಳು ಗೂಳಿ ಕಾಳಗದ ವೀರನೊಬ್ಬನ ಕಡೆಗೆ ತಿರುಗಿದಾಗ ಹೊಸೆ ಅವಳನ್ನು ಕೊಲ್ಲುತ್ತಾನೆ. 1875ರ ಮಾರ್ಚ್ 3ರಂದು ಪ್ಯಾರಿಸ್ಸಿನಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಜನ ಮುಖ ಸಿಂಡರಿಸಿದರು. ಬಡ ಕೂಲಿಹೆಂಗಸು ನಾಯಕಿಯಾಗುವುದು, ವೇದಿಕೆಯ ಮೇಲೆಯೇ ಕೊಲೆಯಾಗುವುದು ಅವರಿಗೆ ಹಿಡಿಸಲಿಲ್ಲ. ಸರಿಯಾಗಿ ಮೂರು ತಿಂಗಳಿಗೆ, ಜೂನ್ 3ರಂದು, ಬಿಝೆ 36ನೆಯ ವಯಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷ ವಿಯೆನ್ನಾದಲ್ಲಿ ‘ಕಾರ್ಮೆನ್’ ಗೆದ್ದಿತು. ಮುಂದೆ ಜಗತ್ತಿನ ಅತ್ಯಂತ ಜನಪ್ರಿಯ ಒಪೆರಾಗಳಲ್ಲಿ ಒಂದಾಯಿತು. ಆ ಗೆಲುವನ್ನು ಕಾಣುವ ಭಾಗ್ಯ ಮಾತ್ರ ಅದನ್ನು ರಚಿಸಿದವನಿಗಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗೀತಕಾರ ಆಸ್ಕರ್ ಹ್ಯಾಮರ್‌ಸ್ಟೈನ್ ಬಿಝೆಯ ಸಂಗೀತವನ್ನು ಹಾಗೆಯೇ ಉಳಿಸಿಕೊಂಡು ಹೊಸ ಇಂಗ್ಲಿಷ್ ಹಾಡುಗಳನ್ನು ಬರೆದು ಕಥೆಯನ್ನು ಅಮೆರಿಕಕ್ಕೆ ತಂದ. ಸಿಗರೇಟ್ ಕಾರ್ಖಾನೆಯ ಬದಲು ದಕ್ಷಿಣದ ಒಂದು ಪ್ಯಾರಾಚೂಟ್ ಕಾರ್ಖಾನೆ, ಡಾನ್ ಹೊಸೆಯ ಬದಲು ಜೋ ಎಂಬ ಕರಿಯ ಸೈನಿಕ, ಗೂಳಿ ಕಾಳಗದವನ ಬದಲು ಹಸ್ಕಿ ಮಿಲ್ಲರ್ ಎಂಬ ಮುಷ್ಟಿಕಾಳಗದ ಪಟು. ನಾಯಕಿ ಕಾರ್ಮೆನ್ ಜೋನ್ಸ್. 1943ರ ಡಿಸೆಂಬರ್ 2ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ರಂಗಕ್ಕೇರಿದ ಈ ನಾಟಕ 500ಕ್ಕೂ ಹೆಚ್ಚು ಪ್ರದರ್ಶನಗಳನ್ನು ಕಂಡಿತು. ಪಾತ್ರಧಾರಿಗಳೆಲ್ಲರೂ ಕರಿಯರು.

ಇದನ್ನು ಚಲನಚಿತ್ರವಾಗಿ ಮಾಡಲು ಮುಂದಾದವನು ನಿರ್ದೇಶಕ ಆಟೊ ಪ್ರೆಮಿಂಜರ್. ಕಾರ್ಮೆನ್ ಪಾತ್ರಕ್ಕೆ ನಟಿಯನ್ನು ಹುಡುಕುತ್ತಿದ್ದಾಗ ಡೊರೊಥಿ ಆತನನ್ನು ಕಾಣಲು ಹೋದಳು. ಒಪ್ಪವಾದ ಉಡುಪು, ಮೆಲುಮಾತು, ಗಂಭೀರವಾದ ನಡೆ. ಇಷ್ಟು ನಯನಾಜೂಕಿನ ಹೆಂಗಸು ಕಾರ್ಖಾನೆಯ ಕಾರ್ಮೆನ್ ಆಗಲಾರಳು, ಹಳ್ಳಿಯ ಮುಗ್ಧೆ ಸಿಂಡಿ ಲೂ ಪಾತ್ರಕ್ಕಾದರೆ ಸರಿಹೋದೀತು ಎಂದು ಆತ ಹೇಳಿ ಕಳುಹಿಸಿದ. ಡೊರೊಥಿ ವಾದ ಮಾಡಲಿಲ್ಲ. ಕೆಲವು ದಿನಗಳ ಮೇಲೆ ಆಕೆ ಮತ್ತೆ ಬಂದಾಗ ಆತ ನೋಡಿದ್ದು ಬೇರೆಯೇ ಹೆಣ್ಣನ್ನು. ಕೆದರಿದ ಕೂದಲು, ಅಗ್ಗದ ಉಡುಪು, ಯಾರಿಗೂ ಸೊಪ್ಪು ಹಾಕದ ನಡಿಗೆ, ಕಣ್ಣಿನಲ್ಲಿ ಕಿಡಿ. ಕಾರ್ಮೆನ್ನಳೇ ಎದ್ದು ಬಂದಂತಿತ್ತು. ಪಾತ್ರ ಆಕೆಗೇ ದೊರೆಯಿತು. ಅದಾದ ಮೇಲೆ ಆಕೆಗೆ ಹಿಂಜರಿಕೆಯೂ ಉಂಟಾಯಿತು. ಇಂಥ ಹೆಣ್ಣಿನ ಪಾತ್ರ ಮಾಡಿದರೆ ತನ್ನ ಜನ ಏನೆಂದುಕೊಂಡಾರು ಎಂಬ ಅಳುಕು. ನಿರ್ದೇಶಕ ಧೈರ್ಯ ಹೇಳಿ ಒಪ್ಪಿಸಬೇಕಾಯಿತು.

1954ರ ಬೇಸಿಗೆಯಲ್ಲಿ ಚಿತ್ರೀಕರಣ ನಡೆಯಿತು. ಜೋ ಪಾತ್ರದಲ್ಲಿ ಮತ್ತೆ ಹ್ಯಾರಿ ಬೆಲಫಾಂಟೆ, ಕಾರ್ಮೆನ್ನಳ ಗೆಳತಿಯಾಗಿ ಪರ್ಲ್ ಬೇಲಿ, ಸಿಂಡಿ ಲೂ ಆಗಿ ಓಲ್ಗಾ ಜೇಮ್ಸ್. ಇಲ್ಲಿ ಒಂದು ವಿಶೇಷವಿದೆ. ಡೊರೊಥಿ ಗಾಯಕಿ, ಬೆಲಫಾಂಟೆ ಅಂತೂ ಹಾಡಿನಿಂದಲೇ ಹೆಸರಾದವನು. ಆದರೆ ಈ ಚಿತ್ರದಲ್ಲಿ ಇಬ್ಬರ ಹಾಡುಗಳೂ ಅವರ ಸ್ವಂತ ಕಂಠದ್ದಲ್ಲ! ಬಿಝೆಯ ಸಂಗೀತಕ್ಕೆ ಒಪೆರಾದಲ್ಲಿ ಪಳಗಿದ ತುಂಬು ಕಂಠ ಬೇಕಾಗಿತ್ತು. ಇವರದು ಧ್ವನಿವರ್ಧಕದ ಮುಂದೆ ಹಾಡುವ ಹಗುರವಾದ ಕಂಠ. ಆದ್ದರಿಂದ ಡೊರೊಥಿಗಾಗಿ ಹಿನ್ನೆಲೆಯಲ್ಲಿ ಹಾಡಿದವಳು ಮ್ಯಾರಿಲಿನ್ ಹಾರ್ನ್ ಎಂಬ 20ರ ಹರೆಯದ ಬಿಳಿಯ ಯುವತಿ. ಬೆಲಫಾಂಟೆಗಾಗಿ ಹಾಡಿದವನು ಲವರ್ನ್ ಹಚರ್ಸನ್. ನಮ್ಮ ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿದು ಅಭಿನಯಿಸುತ್ತಾನೆ. ನಮ್ಮ ಸಿನಿಮಾಗಳಲ್ಲಿಯೂ ಹಿನ್ನೆಲೆ ಗಾಯಕರೇ ಹಾಡುವುದು ವಾಡಿಕೆ. ಆದ್ದರಿಂದ ಇದು ನಮಗೆ ಸೋಜಿಗವೆನಿಸದು. ಆದರೆ ಸ್ವತಃ ಗಾಯಕಿಯಾದವಳು ಇನ್ನೊಬ್ಬಳ ಹಾಡಿಗೆ ತುಟಿಯಾಡಿಸಿ, ಉಸಿರಿಗೆ ಉಸಿರು ಕೂಡಿಸಿ ನಟಿಸುವುದು ಸುಲಭದ ಕೆಲಸವಲ್ಲ. ಹಾರ್ನ್ ಕೂಡ ಡೊರೊಥಿ ಮಾತನಾಡುವ ದನಿಯ ಬಣ್ಣವನ್ನು ಕಿವಿಗೊಟ್ಟು ಕೇಳಿ, ಅದಕ್ಕೆ ಹೊಂದುವಂತೆ ಹಾಡಿದಳು. ತೆರೆಯ ಮೇಲೆ ಎರಡು ಜೀವಗಳು ಒಂದೇ ಆಗಿ ಕಾಣಿಸಿದವು.

ಆಗಿನ ಒಪೆರಾ ಲೋಕದ ಒಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಅಮೆರಿಕದ ಅತಿ ದೊಡ್ಡ ಒಪೆರಾ ಸಂಸ್ಥೆಯಾದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಅಲ್ಲಿಯವರೆಗೆ ಒಬ್ಬ ಕರಿಯ ಗಾಯಕನಿಗಾಗಲಿ ಗಾಯಕಿಗಾಗಲಿ ಮುಖ್ಯ ಪಾತ್ರ ದೊರೆತಿರಲಿಲ್ಲ. ಮಹಾಗಾಯಕಿ ಮೇರಿಯನ್ ಆ್ಯಂಡರ್ಸನ್ ಆ ವೇದಿಕೆಯನ್ನೇರಿದ್ದು 1955ರ ಜನವರಿ 7ರಂದು, ತನ್ನ 57ನೆಯ ವಯಸ್ಸಿನಲ್ಲಿ. ‘ಕಾರ್ಮೆನ್ ಜೋನ್ಸ್’ ತೆರೆಕಂಡು ಆಗಿನ್ನೂ ಮೂರು ತಿಂಗಳೂ ತುಂಬಿರಲಿಲ್ಲ.

1954ರ ಅಕ್ಟೋಬರ್ ಕೊನೆಯಲ್ಲಿ ಚಿತ್ರ ಬಿಡುಗಡೆಯಾಯಿತು. ಜನ ಮುಗಿಬಿದ್ದು ನೋಡಿದರು. ನವೆಂಬರ್ 1ರ ‘ಲೈಫ್’ ವಾರಪತ್ರಿಕೆಯ ಮುಖಪುಟದಲ್ಲಿ ಕಾರ್ಮೆನ್ ವೇಷದ ಡೊರೊಥಿಯ ಚಿತ್ರ ಅಚ್ಚಾಯಿತು. ಟೀಕೆಗಳೂ ಬಾರದಿರಲಿಲ್ಲ. ಕರಿಯ ಜನರನ್ನಷ್ಟೇ ಪ್ರತ್ಯೇಕವಾಗಿ ತೋರಿಸಿ, ವರ್ಣಭೇದವೆಂಬ ಸಮಸ್ಯೆಯೇ ಜಗತ್ತಿನಲ್ಲಿಲ್ಲವೇನೋ ಎಂಬಂತೆ ಚಿತ್ರ ತೆಗೆದಿದ್ದಾರೆಂದು ಕರಿಯ ಸಾಹಿತಿ ಜೇಮ್ಸ್ ಬಾಲ್ಡ್ವಿನ್ ಕಟುವಾಗಿ ವಿಮರ್ಶಿಸಿದ. ಆ ಮಾತಿನಲ್ಲಿ ಹುರುಳಿತ್ತು. ಅದೇ 1954ರ ಮೇ ತಿಂಗಳಿನಲ್ಲಿ ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಸರಕಾರಿ ಶಾಲೆಗಳಿರುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ದೇಶ ಒಳಗೊಳಗೇ ಕುದಿಯುತ್ತಿತ್ತು.

ಮುಂದಿನ ವರ್ಷ ಆಸ್ಕರ್ ಪ್ರಶಸ್ತಿಗೆ ಅತ್ಯುತ್ತಮ ನಟಿಯ ವಿಭಾಗದಲ್ಲಿ ಸೂಚಿತರಾದ ಐವರಲ್ಲಿ ಡೊರೊಥಿಯ ಹೆಸರೂ ಇತ್ತು. ಆ ಗೌರವ ಪಡೆದ ಮೊದಲ ಕರಿಯ ಮಹಿಳೆ ಆಕೆಯೇ. ಹಿಂದೆ 1940ರಲ್ಲಿ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಗೆದ್ದಿದ್ದಳು ನಿಜ, ಆದರೆ ಅದು ಪೋಷಕ ನಟಿಯ ಪ್ರಶಸ್ತಿ, ಪಾತ್ರ ಮನೆಗೆಲಸದವಳದು. ಈ ಬಾರಿ ಸೂಚಿತಳಾದವಳು ನಾಯಕಿ. 1955ರ ಮಾರ್ಚ್ 30ರ ರಾತ್ರಿ ನಡೆದ ಸಮಾರಂಭದಲ್ಲಿ ಪ್ರಶಸ್ತಿ ಗ್ರೇಸ್ ಕೆಲ್ಲಿಯ ಪಾಲಾಯಿತು. ಅದೇ ಸಮಾರಂಭದಲ್ಲಿ ಸಂಕಲನಕಾರನೊಬ್ಬನಿಗೆ ಪ್ರಶಸ್ತಿ ನೀಡಲು ಡೊರೊಥಿ ವೇದಿಕೆಯನ್ನೇರಿದ್ದಳು. ಆ ವರ್ಷವೇ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯ ಹೋಟೆಲಿನ ಪ್ರತಿಷ್ಠಿತ ಎಂಪೈರ್ ರೂಮಿನಲ್ಲಿ ಹಾಡಿದ ಮೊದಲ ಕರಿಯ ಕಲಾವಿದೆ ಎನಿಸಿಕೊಂಡಳು. ಇನ್ನು ಆಕೆಗೆ ಎದುರಿಲ್ಲ ಎಂದೇ ಎಲ್ಲರೂ ಭಾವಿಸಿದರು.

ಆದರೆ ನಡೆದದ್ದೇನು? ಬಿಳಿಯ ನಟಿಯೊಬ್ಬಳಿಗೆ ಇಂಥ ಜಯ ಸಿಕ್ಕಿದ್ದರೆ ನಿರ್ಮಾಪಕರು ಆಕೆಯ ಬಾಗಿಲಲ್ಲಿ ಸಾಲುಗಟ್ಟುತ್ತಿದ್ದರು. ಡೊರೊಥಿಯ ಮುಂದಿನ ಚಿತ್ರ ತೆರೆಕಂಡದ್ದು 1957ರಲ್ಲಿ. ನಡುವಿನ ಕಾಲವೆಲ್ಲ ಕಾಯುವುದರಲ್ಲಿಯೇ ಕಳೆಯಿತು. ಕಾರಣ ಸರಳವಾದದ್ದು. ಆ ಕಾಲದ ಪ್ರೇಮಕಥೆಗಳಲ್ಲಿ ನಾಯಕರೆಲ್ಲರೂ ಬಿಳಿಯರು. ಬಿಳಿಯ ಕರಿಯರ ನಡುವಿನ ಪ್ರೇಮವನ್ನು ತೋರಿಸಲು ಹಾಲಿವುಡ್ಡಿನ ನೀತಿ ಸಂಹಿತೆ 1956ರವರೆಗೂ ಅಡ್ಡಿಯಾಗಿತ್ತು. ಅಂಥ ಮದುವೆಯನ್ನು ನಿಷೇಧಿಸುವ ಕಾನೂನುಗಳು ಹಲವು ರಾಜ್ಯಗಳಲ್ಲಿ 1967ರವರೆಗೂ ಇದ್ದವು. ನಾಯಕಿಯಾಗಬಲ್ಲವಳಿದ್ದಳು, ಆಕೆಗೆಂದು ಕಥೆಗಳಿರಲಿಲ್ಲ. ‘ದಿ ಕಿಂಗ್ ಅಂಡ್ ಐ’ ಚಿತ್ರದಲ್ಲಿ ಅರಸನಿಗೆ ಕಾಣಿಕೆಯಾಗಿ ಬಂದ ದಾಸಿಯ ಪಾತ್ರವನ್ನು ಆಕೆಗೆ ಕೊಡಲು ಬಂದರು. ನಾಯಕಿಯ ಸ್ಥಾನಕ್ಕೇರಿದ ಮೇಲೆ ಮತ್ತೆ ದಾಸಿಯ ಪಾತ್ರಕ್ಕಿಳಿಯಬಾರದೆಂಬ ಸಲಹೆಯಂತೆ ಆಕೆ ಬೇಡವೆಂದಳು. ಅದು ಸರಿಯೋ ತಪ್ಪೋ ಎಂದು ಇಂದೂ ವಾದಿಸುವವರಿದ್ದಾರೆ. ತಾಯಿ ರೂಬಿ ಯಾವ ಪಾತ್ರಗಳಿಂದ ಬೇಸತ್ತು ಮಕ್ಕಳನ್ನು ರಂಗಕ್ಕೆ ಹತ್ತಿಸಿದ್ದಳೋ ಅದನ್ನು ನೆನೆದರೆ ಆಕೆಯ ನಿರ್ಧಾರ ನಮಗೆ ಅರ್ಥವಾಗುತ್ತದೆ.

1957ರಲ್ಲಿ ಇನ್ನೊಂದು ಘಟನೆ ನಡೆಯಿತು. ಸಿನಿಮಾದವರ ಮೇಲೆ ಇಲ್ಲಸಲ್ಲದ್ದನ್ನು ಬರೆದು ಹಣ ಮಾಡುತ್ತಿದ್ದ ಒಂದು ಪತ್ರಿಕೆ ಡೊರೊಥಿಯ ಬಗ್ಗೆಯೂ ಒಂದು ಕೆಟ್ಟ ಸುದ್ದಿಯನ್ನು ಹೆಣೆದಿತ್ತು. ಹೆಚ್ಚಿನ ತಾರೆಯರು ಇಂಥದಕ್ಕೆ ಹೆದರಿ ಸುಮ್ಮನಿರುತ್ತಿದ್ದರು. ಡೊರೊಥಿ ಲಾಸ್ ಏಂಜಲಿಸ್‌ನ ನ್ಯಾಯಾಲಯದಲ್ಲಿ ಸಾಕ್ಷಿಕಟ್ಟೆಯನ್ನೇರಿದಳು. ಆ ಘಟನೆ ನಡೆಯಿತೆಂದು ಹೇಳಲಾದ ವಿಹಾರಧಾಮದಲ್ಲಿ ಕರಿಯಳಾದ ತನಗೆ ಮನಬಂದಂತೆ ತಿರುಗಾಡುವುದಕ್ಕೇ ಆಸ್ಪದವಿರಲಿಲ್ಲ, ಹಾಡಿ ಮುಗಿದ ಮೇಲೆ ಕೋಣೆಯಲ್ಲಿಯೇ ಇರಬೇಕಾಗಿತ್ತು, ಆದ್ದರಿಂದ ಆ ಸುದ್ದಿ ಸುಳ್ಳು ಎಂದು ತಿಳಿಸಿದಳು. ತನಗಾದ ಅವಮಾನವನ್ನೇ ತನ್ನ ನಿರಪರಾಧಕ್ಕೆ ಸಾಕ್ಷಿಯನ್ನಾಗಿ ಹಿಡಿಯಬೇಕಾಗಿ ಬಂದ ಆ ಗಳಿಗೆಯನ್ನು ಊಹಿಸಿಕೊಳ್ಳಿ.

1959ರಲ್ಲಿ ಇನ್ನೊಂದು ಒಪೆರಾ ಆಕೆಯನ್ನು ಕರೆಯಿತು. ಜಾರ್ಜ್ ಗರ್ಶ್ವಿನ್ ರಚಿಸಿ 1935ರಲ್ಲಿ ರಂಗಕ್ಕೇರಿದ್ದ ‘ಪೋರ್ಗಿ ಅಂಡ್ ಬೆಸ್’ ಆಗ ಚಲನಚಿತ್ರವಾಯಿತು. ಚಿತ್ರೀಕರಣಕ್ಕೆ ಮುಂಚೆ 1958ರ ಜುಲೈಯಲ್ಲಿ ಬೆಂಕಿ ಬಿದ್ದು ರಂಗಸಜ್ಜಿಕೆಗಳೆಲ್ಲ ಸುಟ್ಟುಹೋದವು. ಮೊದಲಿನ ನಿರ್ದೇಶಕನನ್ನು ಕೈಬಿಟ್ಟು ಪ್ರೆಮಿಂಜರನನ್ನು ಕರೆತಂದರು. ಸಿಡ್ನಿ ಪೊಯಟಿಯರ್ ನಾಯಕ, ಡೊರೊಥಿ ನಾಯಕಿ. ಈ ಬಾರಿಯೂ ಆಕೆಯ ಹಾಡುಗಳನ್ನು ಹಾಡಿದವಳು ಬೇರೊಬ್ಬಳು, ಅಡೆಲ್ ಆ್ಯಡಿಸನ್. ಹೀಗೆ ಆಕೆಯ ಎರಡು ದೊಡ್ಡ ಚಿತ್ರಗಳೂ ಒಪೆರಾಗಳಿಂದ ಹುಟ್ಟಿದವು, ಎರಡರಲ್ಲಿಯೂ ಆಕೆಯ ಹಾಡುವ ಕಂಠ ಕೇಳಿಸಲಿಲ್ಲ. ಬಾಲ್ಯದಿಂದ ಹಾಡಿ ಅನ್ನ ಸಂಪಾದಿಸಿದವಳನ್ನು ಜಗತ್ತು ನೆನಪಿಟ್ಟುಕೊಂಡದ್ದು ಇನ್ನೊಬ್ಬರು ಹಾಡಿದ ಹಾಡುಗಳೊಂದಿಗೆ.

ಅದೇ 1959ರಲ್ಲಿ ಆಕೆ ಜಾಕ್ ಡೆನಿಸನ್ ಎಂಬ ಬಿಳಿಯ ಹೋಟೆಲು ಉದ್ಯಮಿಯನ್ನು ಎರಡನೆಯ ಮದುವೆಯಾದಳು. ಅದೂ ಮೂರೇ ವರ್ಷಗಳಲ್ಲಿ ಮುರಿಯಿತು. ನಂಬಿದವರ ಮಾತು ಕೇಳಿ ಎಣ್ಣೆ ಬಾವಿಗಳಲ್ಲಿ ಹೂಡಿದ್ದ ಹಣ ಮುಳುಗಿಹೋಯಿತು. 1963ರಲ್ಲಿ ಆಕೆ ದಿವಾಳಿ ಅರ್ಜಿ ಹಾಕಬೇಕಾಯಿತು. ಮನೆ ಕೈಬಿಟ್ಟಿತು. ಮಗಳು ಲಿನ್‌ಳ ಖಾಸಗಿ ಆರೈಕೆಗೆ ಕೊಡುವಷ್ಟು ಹಣವೂ ಉಳಿಯಲಿಲ್ಲ. ಕೊನೆಗೆ ಮಗಳನ್ನು ಸರಕಾರಿ ಆಸ್ಪತ್ರೆಗೆ ಸೇರಿಸಿದಳು. ಇಪ್ಪತ್ತು ವರ್ಷ ಯಾರ ಸಲುವಾಗಿ ಹಾಡಿ ದುಡಿದಿದ್ದಳೋ ಆ ಮಗಳನ್ನು ತನ್ನ ಕೈಯಾರೆ ಒಪ್ಪಿಸಿ ಬರುವುದಕ್ಕಿಂತ ಕಠೋರವಾದ ದಿನ ಆಕೆಯ ಬಾಳಿನಲ್ಲಿ ಇನ್ನೊಂದಿರಲಾರದು.

ಆದರೂ ಆಕೆ ಮತ್ತೆ ಎದ್ದು ನಿಲ್ಲಲು ಯತ್ನಿಸಿದಳು. ಹೊಸ ಕಾರ್ಯಕ್ರಮಗಳು ಗೊತ್ತಾಗುತ್ತಿದ್ದವು. ನ್ಯೂಯಾರ್ಕಿನಲ್ಲಿ ಹಾಡಲು ಹೊರಡುವುದರಲ್ಲಿದ್ದಳು. ಅಷ್ಟರಲ್ಲಿ, 1965ರ ಸೆಪ್ಟೆಂಬರ್ 8ರಂದು, ಹಾಲಿವುಡ್ಡಿನ ಪಶ್ಚಿಮ ಭಾಗದಲ್ಲಿದ್ದ ತನ್ನ ಬಾಡಿಗೆ ಮನೆಯಲ್ಲಿ ನಿಧನ ಹೊಂದಿದಳು. ವಯಸ್ಸು 42. ಕೆಲವು ದಿನಗಳ ಮೊದಲು ಕಾಲಿನ ಮೂಳೆ ಮುರಿದಿತ್ತು. ಅದರಿಂದ ರಕ್ತನಾಳದಲ್ಲಿ ತಡೆ ಉಂಟಾಯಿತೆಂದು ಒಂದು ವರದಿ, ಔಷಧಿಯ ಪ್ರಮಾಣ ಮಿತಿಮೀರಿತ್ತೆಂದು ಇನ್ನೊಂದು ವರದಿ. ಆಕೆಯ ಬ್ಯಾಂಕಿನ ಖಾತೆಯಲ್ಲಿ ಉಳಿದಿದ್ದುದು 2 ಡಾಲರುಗಳಿಗೆ ತುಸು ಹೆಚ್ಚು. ಹೋಟೆಲು, ಚಿತ್ರಮಂದಿರಗಳಲ್ಲಿ ವರ್ಣಭೇದ ಮಾಡಕೂಡದೆಂಬ ನಾಗರಿಕ ಹಕ್ಕುಗಳ ಕಾನೂನು ಜಾರಿಗೆ ಬಂದದ್ದು 1964ರಲ್ಲಿ. ಡೊರೊಥಿಗೆ ಆ ಕಾನೂನಿನ ನೆರಳಿನಲ್ಲಿ ಬಾಳಲು ಸಿಕ್ಕಿದ್ದು ಒಂದು ವರ್ಷ ಮಾತ್ರ.

ಕಾಲ ಮುಂದೆ ಸಾಗಿತು. ತೆರೆಯ ಹಿಂದೆ ನಿಂತು ಹಾಡಿದ್ದ ಮ್ಯಾರಿಲಿನ್ ಹಾರ್ನ್ ಜಗತ್ಪ್ರಸಿದ್ಧ ಒಪೆರಾ ಗಾಯಕಿಯಾಗಿ 1972ರಲ್ಲಿ ಮೆಟ್ರೊಪಾಲಿಟನ್ ವೇದಿಕೆಯ ಮೇಲೆ ತಾನೇ ಕಾರ್ಮೆನ್ ಆಗಿ ನಿಂತಳು. 1983ರಲ್ಲಿ ಹಾಲಿವುಡ್ಡಿನ ಕಾಲುದಾರಿಯಲ್ಲಿ ಡೊರೊಥಿಯ ಹೆಸರಿನ ನಕ್ಷತ್ರವನ್ನು ಕೂರಿಸಿದರು. 1992ರಲ್ಲಿ ‘ಕಾರ್ಮೆನ್ ಜೋನ್ಸ್’ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಸೇರಿತು. 1999ರಲ್ಲಿ ಆಕೆಯ ಜೀವನವನ್ನೇ ಕುರಿತ ದೂರದರ್ಶನ ಚಿತ್ರದಲ್ಲಿ ನಟಿ ಹ್ಯಾಲಿ ಬೆರಿ ಆಕೆಯ ಪಾತ್ರವನ್ನು ಅಭಿನಯಿಸಿದಳು. ಮೂರು ವರ್ಷಗಳ ಬಳಿಕ, 2002ರಲ್ಲಿ, ಅದೇ ಹ್ಯಾಲಿ ಬೆರಿ ಅತ್ಯುತ್ತಮ ನಟಿಯ ಆಸ್ಕರ್ ಗೆದ್ದಳು. ಆ ಪ್ರಶಸ್ತಿ ಗೆದ್ದ ಮೊದಲ ಕರಿಯ ಮಹಿಳೆ ಆಕೆ. ಪ್ರಶಸ್ತಿ ಸ್ವೀಕರಿಸುವಾಗ ಡೊರೊಥಿಯ ಹೆಸರನ್ನು ನೆನೆದು ಕಣ್ಣೀರಿಟ್ಟಳು. ಡೊರೊಥಿ ತಟ್ಟಿದ ಬಾಗಿಲು ತೆರೆಯಲು 47 ವರ್ಷಗಳು ಬೇಕಾದವು.

ವಿದ್ಯಾರ್ಥಿ ಮಿತ್ರರೇ, ಡೊರೊಥಿಯ ಬಾಳನ್ನು ಸೋತ ಬಾಳೆಂದು ತಿಳಿಯಬಾರದು. ಆಕೆ ಪಟ್ಟ ಶ್ರಮದಲ್ಲಿ ಕೊರತೆಯಿರಲಿಲ್ಲ, ಪ್ರತಿಭೆಯಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದುದು ಬಾಗಿಲನ್ನು ಕಾಯುತ್ತಿದ್ದವರ ಮನಸ್ಸಿನಲ್ಲಿ. ಪರಿಶ್ರಮಕ್ಕೆ ಫಲ ಸಿಗಬೇಕಾದರೆ ದುಡಿಯುವವನ ಬೆವರೊಂದೇ ಸಾಲದು, ಅದನ್ನು ಗೌರವಿಸುವ ಸಮಾಜವೂ ಬೇಕು. ತಟ್ಟುವ ಸರದಿ ಒಂದು ದಿನ ನಿಮ್ಮದಾಗಬಹುದು. ಆಗ ಡೊರೊಥಿಯಂತೆ ಅಂಜದೆ ತಟ್ಟಿ. ಬಾಗಿಲನ್ನು ಕಾಯುವ ಸರದಿಯೂ ಒಂದು ದಿನ ನಿಮ್ಮದಾದೀತು. ಹೊರಗೆ ನಿಂತವರ ಬಣ್ಣ, ಜಾತಿ, ಉಡುಪುಗಳನ್ನು ನೋಡಿ ಬಾಗಿಲು ಮುಚ್ಚುವ ಮೊದಲು ಈ ಹೆಣ್ಣುಮಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ.